ಗಾಳಿ ಬೀಸದ ವಾರ

ಕಾರಿಮಂಗಲಂ ಪಕ್ಕದ ಹಟ್ಟಿ,
28-1-2025

ನಮ್ಮ ಮನೆತನದ ಏಕೈಕ ವಿಜ್ಞಾನಿ, ನನ್ನ ಮೈದುನ ಧನಶೇಖರನಿಗೆ ಅತ್ತಿಗೆಯ ಆಶೀರ್ವಾದ.

ಮೊದಲು ಕ್ಷೇಮಸಮಾಚಾರ. ನಿನ್ನ ಪೆಟ್ಟಿಗೆ ಆರೋಗ್ಯವಾಗಿದೆ. ಕುರಿ ರೊಪ್ಪದ ಪಕ್ಕ ನೀನು ಕೂರಿಸಿದ ಜಾಗ ಬಿಟ್ಟು ಅಲುಗಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ಸೇಲಂನಲ್ಲಿ ನಿಮ್ಮ ಕಾಲೇಜಿನ ಮಹಡಿ ಮೇಲಿರುವ ಅದರ ಜೋಡಿಯೂ ಸುಖವೆಂದು ನಂಬಿದ್ದೇನೆ. ಮನುಷ್ಯರ ವಿಷಯ ಆಮೇಲೆ; ನೀನು ವಿಚಾರಿಸುವ ಕ್ರಮವೂ ಅದೇ ತಾನೆ.

ಪೆಟ್ಟಿಗೆ ಇಟ್ಟ ದಿನ ನೀನು ಮಾಡಿದ ಭಾಷಣ ನನಗೆ ಬಾಯಿಪಾಠ. ನೆಲದೊಳಗಿಂದ ರೇಡಾನ್ ಅನ್ನುವ ಅನಿಲ ಏಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪೆಟ್ಟಿಗೆಗೆ ಮಾತ್ರ ಅದರ ಲೆಕ್ಕ ಸಿಗುತ್ತದೆ. ಗಾಳಿ ಬೀಸಿದರೆ ಚದುರಿಹೋಗುತ್ತದೆ, ಮಳೆಗೆ ನೆನೆದ ಮಣ್ಣು ಅದನ್ನು ಒಳಗೇ ಹಿಡಿದಿಡುತ್ತದೆ, ಗಾಳಿಯಾಡದ ಚಳಿಯ ಬೆಳಗಿನಲ್ಲಿ ಮಾತ್ರ ನೆಲಕ್ಕಂಟಿ ಕೂತುಬಿಡುತ್ತದೆ. ಸಿಮೆಂಟು ಹಾಸಿದ ಸೇಲಂಗಿಂತ ನಮ್ಮ ಬಯಲಲ್ಲೇ ಜಾಸ್ತಿ ಇರಬೇಕೆಂದು ನಿನ್ನ ಅಂದಾಜು. ಇಷ್ಟೂ ಕೇಳಿದ ನಿಮ್ಮವ್ವ, "ಅಯ್ಯೋ, ಮಂಜ್ನಾಗೆ ರಾತ್ರಿಯೆಲ್ಲ ಈ ಪೆಟ್ಗೆ ಒಂದೇ ಕೂತಿರ್ಬೇಕಾ?" ಅಂದರು. ನೀನು ನಕ್ಕೆ.

ಅಂದಿನಿಂದ ದಿನಾ ಬೆಳಗ್ಗೆ ಅಂಕಿಯ ಫೋಟೋ ಕಳಿಸುವುದು ನನ್ನ ಕೆಲಸ. ಕೂಡಲೇ ನಿನ್ನ ಫೋನು: "ಅತ್ತಿಗೆ, ಮಂಜು ಬಿದ್ದೈತಾ? ಗಾಳಿ ಐತಾ? ಸರಿ, ವಚ್ಚಿಡ್ರೇನ್." ಇಡುತ್ತೇನೆಂದು ತಮಿಳಲ್ಲಿ ಹೇಳಿ ಫೋನು ಇಟ್ಟೇಬಿಡುತ್ತೀಯ. ಆಕಾಶದ ಆರೋಗ್ಯವನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸುವ ಗಂಡಸನ್ನು ನಾನು ಕಂಡಿಲ್ಲ. "ಅವ್ವಂಗೆ..." ಎಂದು ನಾನು ಶುರು ಮಾಡಿದಾಗಲೆಲ್ಲ ನೀನು ಆ ಕಡೆ ಇರುವುದಿಲ್ಲ. ಬಸ್ಸಿಗೆ ಎರಡು ಗಂಟೆಯ ಸೇಲಂ, ಫೋನಿಗೆ ಮಾತ್ರ ಪರದೇಶ.

ಮಾರ್ಗಳಿ ತಿಂಗಳ ಚಳಿಯಲ್ಲಿ ಅಂಕಿ ಏರಿದಾಗ ನೀನು ಕುಣಿದೆ. ಕೊಯಮತ್ತೂರಿನ ಸಭೆಯಲ್ಲಿ ಅದನ್ನೇ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡೆಯಂತೆ, ಸಂತೋಷ. ಪೊಂಗಲ್ ಆದ ವಾರ ಅಂಕಿ ದಬಕ್ಕನೆ ಕುಸಿಯಿತು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ತೀರ್ಪು ಬಂತು: "ಗಾಳಿ ಎದ್ದೈತೆ ಅತ್ತಿಗೆ, ಅದ್ಕೇ ಇಳ್ದೈತೆ." ಆ ವಾರ ನಮ್ಮ ಒಲೆಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ವಿಜ್ಞಾನಿಗಳ ಮುಂದೆ ಹೊಗೆಯ ಸಾಕ್ಷಿ ನಡೆಯುವುದಿಲ್ಲವಲ್ಲ.

ನಿಮ್ಮಣ್ಣ ಕುರಿ ಹೊಡೆದುಕೊಂಡು ಹೋಗಿದ್ದಾರೆ. ನಿನಗೆಂದು ಅವರು ಹೇಳಿದ ಮಾತನ್ನು ಹೆಂಗಸರು ಬರೆಯುವ ಹಾಗಿಲ್ಲ. ಇದ್ದಿಲಲ್ಲಿ ಗೋಡೆಯ ಮೇಲೆ ಬರೆದು ನಾನು ಕಲಿಸಿದ ಕನ್ನಡ ಅಕ್ಷರ ಇನ್ನೂ ನೆನಪಿದ್ದರೆ ಕೊನೆಯವರೆಗೂ ಓದು.

ನಿನ್ನ ಅಂಕಿಗಳು ನೂರ್ಕಾಲ ಬಾಳಲಿ.

ಅತ್ತಿಗೆ,
ಭಾಗ್ಯಲಕ್ಷ್ಮಿ

ಬಿಟ್ಟುಹೋದದ್ದು: ಆ ವಾರ ಗಾಳಿ ಎದ್ದಿರಲಿಲ್ಲ ಶೇಖರ. ಮಾರ್ಗಳಿಯುದ್ದಕ್ಕೂ, ಎಳೆ ಮರಿಗಳಿಗೆ ಹೊದಿಸುವ ಹಾಗೆ, ಅವ್ವ ದಿನಾ ಸಂಜೆ ನಿನ್ನ ಪೆಟ್ಟಿಗೆಗೂ ನೆಲ ಮುಟ್ಟುವಂತೆ ಕಂಬಳಿ ಹೊದಿಸುತ್ತಿದ್ದರು. "ಅವ್ನಿಗೆ ಏಳ್ಬೇಡ, ಬೈತಾನೆ" ಅಂದಿದ್ದರು. ಬೆಳಗ್ಗೆ ಅದನ್ನು ಎತ್ತಿ ನಾನು ಫೋಟೋ ತೆಗೆಯುತ್ತಿದ್ದೆ. ನೀನು ಸಭೆಯಲ್ಲಿ ತೋರಿಸಿದ್ದು ಕಂಬಳಿಯೊಳಗೆ ಸಿಕ್ಕಿಕೊಂಡ ಗಾಳಿಯ ಲೆಕ್ಕ. ಪೊಂಗಲ್ ಮಾರನೆಯ ದಿನದಿಂದ ಅವ್ವ ಹಾಸಿಗೆ ಬಿಟ್ಟು ಎದ್ದಿಲ್ಲ. ಈಗ ಗಂಜಿಯೂ ಇಳಿಯುತ್ತಿಲ್ಲ. ಆ ಕಂಬಳಿ ಅವರ ಮೇಲಿದೆ. ಈ ಕಾಗದವನ್ನು ಸೇಲಂ ಬಸ್ಸಿನ ಕಂಡಕ್ಟರ್ ಕೈಲಿ ಕೊಡುತ್ತಿದ್ದೇನೆ, ನಿಮ್ಮ ಕಾಲೇಜಿನ ಗೇಟಿಗೆ ಮುಟ್ಟಿಸುತ್ತಾನೆ. ಅದೇ ಬಸ್ಸು ಸಂಜೆ ವಾಪಸ್ ಹೊರಡುತ್ತದೆ. ಫೋನ್ ಮಾಡಬೇಡ, ಹತ್ತಿ ಬಾ.