ರೋಜಾದ ಮಧ್ಯಾಹ್ನದ ಹೊಗೆ

ಜಲಂಧರ್
9 ನವೆಂಬರ್ 1959

ದುಪಟ್ಟಾ ಬದಲಿಸಿಕೊಂಡು ನನಗೆ ಅಕ್ಕನಾದ ಹಾಜರಾಗೆ,

ನಿನ್ನ ತಂಗಿ ವೀರಾಂವಾಲಿ ಮಾಡುವ ಸಲಾಮು. ನಿನ್ನ ಕಾಗದ ಕೈಸೇರಿ ಎರಡು ತಿಂಗಳಾಯಿತು. ಮನೆಯಲ್ಲಿ ಜ್ವರ, ಮಳೆ, ಹಬ್ಬ ಎಂದು ನೂರು ನೆಪ ಬರೆಯಬಹುದು, ಆದರೆ ನೀನು ನಂಬುವವಳಲ್ಲ. ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ, ಅಷ್ಟೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿಮ್ಮಪ್ಪನ ಮನೆಯ ಮಾಳಿಗೆಯಲ್ಲಿ ಇದ್ದಿಲು ಹಿಡಿಸಿ ನೀನೇ ತಿದ್ದಿಸಿದ ಉರ್ದು ಅಲಿಫ್, ಬೇ ಇವು. ಇಲ್ಲಿ ಹೆಂಗಸರೆಲ್ಲ ಹಿಂದಿ ಬರೆಯುತ್ತಾರೆ. ಹನ್ನೆರಡು ವರ್ಷದಿಂದ ಈ ಅಕ್ಷರಗಳನ್ನು ನಾನು ಮುಟ್ಟಿರಲಿಲ್ಲ.

ನಾವು ಚೆನ್ನಾಗಿದ್ದೇವೆ. ನಮ್ಮವರ ಬಟ್ಟೆ ಅಂಗಡಿ ಪರವಾಗಿಲ್ಲ. ಮಕ್ಕಳಿಬ್ಬರು, ಇಬ್ಬರಿಗೂ ನನ್ನದೇ ಬಾಯಿ. ನಾನು ದಪ್ಪಗಾಗಿದ್ದೇನೆ, ನೋಡಿದರೆ ಗುರುತು ಸಿಗುವುದಿಲ್ಲ ನಿನಗೆ. ಇಲ್ಲಿಯ ಬಾವಿಯ ನೀರು ಉಪ್ಪು. ನಮ್ಮೂರು ಗುಜ್ರಾನ್‌ವಾಲಾದ ನೀರಿನ ಮಾತೆತ್ತಿದರೆ ಮಕ್ಕಳು ‘ಶುರುವಾಯ್ತು ಅಮ್ಮನ ಪುರಾಣ’ ಎಂದು ಎದ್ದು ಹೋಗುತ್ತವೆ.

ನಿನ್ನ ಮಗಳು ಸುಗ್ರಾಳ ಮದುವೆ ಮಾತು ಓದಿ ಮೊದಲು ನಗು ಬಂತು. ನನ್ನ ಬಳೆ ಕಿತ್ತುಕೊಂಡು ಓಡುತ್ತಿದ್ದ ನಾಲ್ಕು ವರ್ಷದ ಪೋರಿಗೆ ಮದುವೆಯೆಂದರೆ ಯಾರು ನಂಬುತ್ತಾರೆ? ಮುಂದಿನ ಸಾಲು ಓದಿ ಕಾಗದ ಮಡಿಸಿಟ್ಟೆ. ‘ರೋಜಾ ಉಪವಾಸದ ದಿನ ಮಟಮಟ ಮಧ್ಯಾಹ್ನ ಒಲೆ ಹಚ್ಚಿ ಗಂಡನ್ನ ತಿಂದುಕೊಂಡವಳ ಮಗಳು ನಮಗೆ ಬೇಡ’ ಎಂದರಂತೆ ವಜೀರಾಬಾದಿನ ಗಂಡಿನವರು. ನಿನ್ನ ಗಂಡನ ಅಣ್ಣ ಚಿರಾಗ್ ದೀನ್ ಪಕ್ಕದಲ್ಲೇ ಕೂತು, ‘ಸಾಯಂಕಾಲದವರೆಗೆ ಹೊಟ್ಟೆ ತಡೆದಿದ್ರೆ ನನ್ನ ತಮ್ಮ ಇವತ್ತು ಇರ್ತಿದ್ದ’ ಎಂದನಂತೆ. ಒಲೆ ಹಚ್ಚಿದ್ದು ಯಾರೆಂದು ಹನ್ನೆರಡು ವರ್ಷ ಕೇಳದವಳು ಈಗ ಕೇಳಿದ್ದೀಯ. ‘ನಿನ್ನ ಕೈಯಾರೆ ಬರೆದುಕೊಡು, ನನ್ನ ಮಗಳ ಬಾಳು ಉಳೀತದೆ’ ಎಂದಿದ್ದೀಯ. ಬರೆಯುತ್ತೇನೆ. ಚಿರಾಗ್ ದೀನನಿಗೆ ಗಟ್ಟಿಯಾಗಿ ಓದಿ ಹೇಳು. ಅವನಿಗೂ ತಿಳಿಯಲೆಂದು ಮೊದಲಿನಿಂದ ಬರೆಯುತ್ತಿದ್ದೇನೆ.

ದೇಶ ಒಡೆದ ವರ್ಷ ನಮ್ಮ ಗಲ್ಲಿಗೆ ಬೆಂಕಿ ಬಿದ್ದ ದಿನ ನಿನ್ನ ಗಂಡ ಮೆಹರ್ ಭಾವ ನಮ್ಮ ಮೂವರನ್ನೂ ತನ್ನ ಮಾಳಿಗೆಗೆ ಹತ್ತಿಸಿದ. ನಮ್ಮವರು, ನನ್ನ ಅತ್ತೆ ಬೇಬೇ, ನಾನು. ಭಾವ ಬಡಗಿ ಕೆಲಸ ಮಾಡುತ್ತಿದ್ದ ಜಾಗ ಅದು. ಮರದ ಕೆತ್ತೆಯ ರಾಶಿಯ ಹಿಂದೆ ಮೂರು ದಿನ ಇಲಿಗಳ ಹಾಗೆ ಕೂತೆವು. ರೋಜಾ ತಿಂಗಳಾದ್ದರಿಂದ ನೀನು ನಸುಕಿನಲ್ಲೇ ಎದ್ದು ಒಲೆ ಹಚ್ಚುತ್ತಿದ್ದೆ. ಆಗಲೇ ನಮಗೂ ರೊಟ್ಟಿ ಬಡಿದು, ಒಬ್ಬೊಬ್ಬರಿಗೆ ಒಂದೊಂದು ಬಟ್ಟೆಯಲ್ಲಿ ಕಟ್ಟಿ ತಂದಿಡುತ್ತಿದ್ದೆ. ‘ಹಗಲು ಮಾತ್ರ ಒಲೆ ಹಚ್ಚಬೇಡಿ. ಇಡೀ ಗಲ್ಲಿ ಉಪವಾಸ. ಒಂದೆಳೆ ಹೊಗೆ ಕಂಡ್ರೂ ನಿಮ್ಮ ಜೊತೆ ನಾವೂ ಹೋಗ್ತೀವಿ’ ಎಂದು ಮೊದಲ ದಿನವೇ ಹೇಳಿದ್ದೆ. ಮೂವರೂ ತಲೆಯಾಡಿಸಿದ್ದೆವು.

ಬೇಬೇ ಎಂಥವಳೆಂದು ನಿನಗೆ ಗೊತ್ತಲ್ಲ. ನೀನು ನಮ್ಮ ಮನೆಗೆ ಬಂದು ಹೋದ ಮೇಲೆ ನೆಲ ತೊಳೆಸುತ್ತಿದ್ದವಳು. ನಿನ್ನೆದುರಿಗೇ ನನ್ನನ್ನು ಕರೆದು ತೊಳೆಸುತ್ತಿದ್ದಳು. ಅಂಥವಳಿಗೆ ನಿನ್ನ ಕೈಯ ರೊಟ್ಟಿ ಗಂಟಲಲ್ಲಿ ಇಳಿಯುತ್ತದೆಯೇ? ಮೂರನೆಯ ದಿನ, ಇಪ್ಪತ್ತಾರನೆಯ ರೋಜಾ, ಮಧ್ಯಾಹ್ನ. ನಮ್ಮವರಿಗೆ ಜೊಂಪು ಹತ್ತಿತ್ತು. ಬೆಂಕಿಯಿಂದ ಉಳಿಸಿಕೊಂಡು ತಂದ ಗಂಟಿನಲ್ಲಿ ನಮ್ಮದೇ ಹಿಟ್ಟಿತ್ತು, ಹೆಂಚಿತ್ತು. ಬೇಸಗೆಯಲ್ಲಿ ನೀವು ಅಡುಗೆ ಮಾಡುವ ಒಲೆ ಮಾಳಿಗೆಯ ಮೇಲೆ ಎದುರಿಗೇ ಇತ್ತು. ಕೆತ್ತೆ ಮಳೆಗೆ ನೆನೆದಿತ್ತು, ಉರಿಯುವ ಬದಲು ಹೊಗೆಯಾಡಿತು. ನಮ್ಮವರು ಕೆಮ್ಮುತ್ತ ಎದ್ದು, ‘ಯಾರು ಹಚ್ಚಿದ್ದು?’ ಎಂದರು. ಬೇಬೇ ‘ನಾನು’ ಎಂದಳು.

ಇಷ್ಟೇ ಸಂಗತಿ. ಒಲೆ ಹಚ್ಚಿದ್ದು ನೀನಲ್ಲ, ನನ್ನ ಅತ್ತೆ. ಇದಕ್ಕೆ ನಮ್ಮವರೂ ಸಾಕ್ಷಿ.

ನೀರು ಹೊಯ್ಯುವಷ್ಟರಲ್ಲಿ ನಮ್ಮಂಥವರನ್ನು ಹುಡುಕುತ್ತಿದ್ದ ಗಂಡಸರು ಕೆಳಗೆ ಬಾಗಿಲು ಬಡಿದರು. ನಾವು ಪಕ್ಕದ ಮಾಳಿಗೆಗೆ ದಾಟಿ ಗೋಡೆಯ ಮರೆಯಲ್ಲಿ ಮಲಗಿದೆವು. ಪ್ರತಿಯೊಂದು ಮಾತೂ ಕೇಳಿಸಿತು. ‘ಏನ್ ಮಿಸ್ತ್ರಿ, ನಿಮ್ಮನೇಲಿ ಇವತ್ತೇ ಈದಾ?’ ಎಂದು ಒಬ್ಬ ನಕ್ಕ. ಆಗ ನೀನು ಬಾಗಿಲಿಗೆ ಬಂದು ಅಷ್ಟು ಗಂಡಸರ ಮುಂದೆ, ‘ನಾನೇ ಹಚ್ಚಿದ್ದು. ನನಗೆ ಮುಟ್ಟು, ರೋಜಾ ಇಲ್ಲ. ಇನ್ನೂ ಏನಾದ್ರೂ ತಿಳ್ಕೋಬೇಕಾ?’ ಎಂದೆ. ಆಮೇಲೆ ಯಾವನೋ, ‘ಮುಟ್ಟಿರಲಿ, ರೊಟ್ಟಿ ಸೀದು ಇಡೀ ಗಲ್ಲಿ ನಾರ್ತಿದೆ. ಮಿಸ್ತ್ರಿ, ನಿನ್ನ ಹೆಂಡ್ತಿಗೆ ಅಡುಗೇನೂ ಬರಲ್ವಲ್ಲೋ’ ಎಂದ. ಎಲ್ಲರೂ ನಕ್ಕರು. ‘ಹೆಂಗಸಿನ ಬಾಯಲ್ಲಿ ಇಂಥ ಮಾತು ಹೇಳಿಸಿದ್ರಿ, ಇನ್ನಾದ್ರೂ ನಡೀರಿ’ ಎಂದ ಮೆಹರ್ ಭಾವ. ಅವರು ಹೊರಟೇಬಿಟ್ಟಿದ್ದರು. ಅಷ್ಟರಲ್ಲಿ ಹಿಂದಿನಿಂದ ಮಾಳಿಗೆ ಹತ್ತಿದ್ದವನೊಬ್ಬ ಬೇಬೇಯ ಓಂ ಕೆತ್ತಿದ ಹಿತ್ತಾಳೆ ಲೋಟ ತಂದು ಅವರ ನಡುವೆ ಎಸೆದ. ‘ಇದೂ ನಿನ್ನ ಹೆಂಡ್ತೀದಾ?’ ಎಂದ.

ಅವರು ಕೈಗೆತ್ತಿಕೊಂಡದ್ದು ಭಾವ ಮರ ಕೆತ್ತುತ್ತಿದ್ದ ಬಾಚಿಯನ್ನೇ. ಮೂರು ಏಟು ನನಗೆ ಕೇಳಿಸಿತು. ನಾಲ್ಕನೆಯದಕ್ಕೆ ಬೇಬೇ ನನ್ನ ಕಿವಿ ಮುಚ್ಚಿದಳು. ನಮ್ಮನ್ನು ಉಳಿಸಲು ನೀನಾಡಿದ ಮಾತೇ ಇವತ್ತು ನಿನ್ನ ಕೊರಳಿಗೆ ಸುತ್ತಿಕೊಂಡಿದೆ ಎಂದು ಚಿರಾಗ್ ದೀನನಿಗೆ ತಿಳಿಯಲಿ.

ಬೇಬೇಗೆ ಶಿಕ್ಷೆಯಾಗಲಿಲ್ಲ ಎಂದು ತಿಳಿಯಬೇಡ. ಗಡಿ ದಾಟಿದ ಮೇಲೆ ನಮ್ಮವರು ಅವಳನ್ನು ಅಮ್ಮ ಎಂದು ಕರೆಯಲಿಲ್ಲ. ದನದ ಕೊಟ್ಟಿಗೆಯ ಪಕ್ಕ ತಗಡಿನ ಮಾಡಿನಡಿ ಮಂಚ ಹಾಕಿಸಿದರು. ಅವಳಿಗೆ ತಟ್ಟೆ ಬೇರೆ, ಲೋಟ ಬೇರೆ. ಮಕ್ಕಳು ಅವಳ ಬಳಿ ಕತೆ ಕೇಳಲು ಹೋದರೆ, ‘ಆ ಮುದುಕಿ ಹತ್ರ ಹೋಗಬೇಡಿ, ನನ್ನ ಅಣ್ಣನಂಥವನನ್ನ ಒಂದು ರೊಟ್ಟಿಗೆ ಮಾರಿದವಳು’ ಎನ್ನುತ್ತಿದ್ದರು. ಕಳೆದ ಹೋಳಿಯ ಹೊತ್ತಿಗೆ ಸತ್ತಳು. ಕೊನೆಯ ವಾರ ‘ಮಗಾ ಒಂದ್ಸಲ ಬಾರೋ’ ಎಂದು ಕರೆದಳು. ಇವರು ಹೊಸ್ತಿಲವರೆಗೂ ಹೋಗಿ ವಾಪಸು ಬಂದರು. ಚಿತೆಗೆ ಕೊಳ್ಳಿ ಇಡುವಾಗ, ‘ತಗೋ, ನಿನಗೆ ಬೆಂಕಿ ಅಂದ್ರೆ ಇಷ್ಟ ಅಲ್ವಾ’ ಎಂದರು. ಬಂಧುಗಳೆಲ್ಲ ಕೇಳಿಸಿಕೊಂಡರು.

ಇದಕ್ಕಿಂತ ಹೆಚ್ಚಿಗೆ ಚಿರಾಗ್ ದೀನನಿಗೆ ಏನು ಬೇಕು? ವಜೀರಾಬಾದಿನವರು ಒಪ್ಪಲಿ. ಸುಗ್ರಾಳ ಕೈಯ ಮೆಹಂದಿ ಕಡುಗೆಂಪಾಗಲಿ, ಹೋದ ಮನೆಯಲ್ಲಿ ಅವಳ ಮಾತು ನಡೆಯಲಿ, ಮಡಿಲು ತುಂಬಲಿ. ನಿನ್ನ ದುಪಟ್ಟಾ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಮದುವೆಯ ದಿನ ಅದನ್ನು ಹೊದ್ದುಕೊಂಡು ಇಲ್ಲಿಂದಲೇ ಹರಸುತ್ತೇನೆ.

ನಿನ್ನ ತಂಗಿ,
ವೀರಾಂವಾಲಿ

ಮರುಬರಹ: ಮೇಲಿನದನ್ನು ನಮ್ಮವರು ಓದಿದರು. ಕಣ್ಣೊರೆಸಿಕೊಂಡು, ‘ಮುದುಕಿ ಬದುಕಿದ್ದಾಗಲೇ ಇದನ್ನ ಬರೆದು ಅವಳ ಮುಂದೆ ಓದಬೇಕಿತ್ತು’ ಎಂದು ಹೇಳಿ ಅಂಗಡಿಗೆ ಹೋದರು. ಲಕೋಟೆ ಅಂಟಿಸುವುದು ನನ್ನ ಕೆಲಸ. ಅದಕ್ಕೇ ನಡುವೆ ಕತ್ತರಿ ಆಡುವಷ್ಟು ಜಾಗ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಕತ್ತರಿಸಿ ಮೇಲಿನದನ್ನು ತೋರಿಸು. ಕತ್ತರಿಸದೆ ಪೂರ್ತಿ ತೋರಿಸಿದರೂ ನಾನು ಬೇಡವೆನ್ನಲಾರೆ. ನಮ್ಮವರಿಗೆ ತಿಳಿದರೆ ನನಗೆ ಈ ಮನೆ ಇಲ್ಲ. ಅದು ನಿನ್ನ ಕೈಯಲ್ಲಿದೆ.

ಬೇಬೇ ನಿನ್ನ ರೊಟ್ಟಿ ತಿಂದರು ಅಕ್ಕ. ಮೊದಲ ದಿನವೇ ತಿಂದರು. ‘ಪ್ರಾಣ ಹೋಗೋ ಹೊತ್ತಲ್ಲಿ ಎಂಥ ಮಡಿಯೇ? ಹಾಜರಾ ಕೈ ರೊಟ್ಟಿ ಎಷ್ಟು ಮೆತ್ತಗಿದೆ ನೋಡು, ನಿನ್ನದು ಎಕ್ಕಡ’ ಎಂದರು. ತಿನ್ನದವಳು ನಾನು. ಹನ್ನೆರಡನೆಯ ವಯಸ್ಸಿನಲ್ಲಿ ನಿನ್ನೊಡನೆ ದುಪಟ್ಟಾ ಬದಲಿಸಿದೆ, ನಿನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದೆ, ಆದರೆ ನೀನು ಕೊಟ್ಟ ಒಂದು ತುತ್ತನ್ನೂ ನುಂಗಿದವಳಲ್ಲ. ಪ್ರತಿ ಈದಿಗೆ ನೀನು ಕಳಿಸಿದ ಶಾವಿಗೆಯನ್ನು ಹಸುವಿನ ಮುಂದೆ ಸುರಿದು, ಬಟ್ಟಲು ತೊಳೆದು, ‘ಈ ಸಲ ಇನ್ನೂ ಚೆನ್ನಾಗಿತ್ತು’ ಎಂದು ವಾಪಸು ಕೊಡುತ್ತಿದ್ದೆ. ಒಲೆ ಹಚ್ಚಿದ್ದು ನಾನು.

ನಿರಾಶ್ರಿತರ ಶಿಬಿರದಲ್ಲಿ ಬೇಬೇಯ ಕಾಲು ಹಿಡಿದೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ‘ತಾಯಿ ತಪ್ಪು ಮಾಡಿದ್ರೆ ಮಗ ಬಯ್ದುಕೊಂಡಾದ್ರೂ ಹೊತ್ಕೊಂಡು ಬರ್ತಾನೆ. ಹೆಂಡ್ತಿ ಮಾಡಿದ್ರೆ ಅಲ್ಲೇ ಬಿಟ್ಟು ಬರ್ತಾನೆ. ನಿನಗೆ ಇನ್ನೂ ವಯಸ್ಸಿದೆ, ಬಾಯಿ ಮುಚ್ಕೊಂಡಿರು’ ಎಂದರು. ಮುಚ್ಚಿಕೊಂಡಿದ್ದೆ. ತಗಡಿನ ಮಾಡಿನಡಿಗೆ ದಿನವೂ ಆ ಬೇರೆ ತಟ್ಟೆ ಒಯ್ದು ಇಡುತ್ತಿದ್ದವಳೂ ನಾನೇ. ಚಿತೆಯ ಮುಂದೆಯೂ ನನ್ನ ಬಾಯಿ ತೆರೆಯಲಿಲ್ಲ.

ಇನ್ನೊಂದಿದೆ. ನನ್ನ ಪಾಲಿನ ರೊಟ್ಟಿಗಳನ್ನು ಮೂರು ದಿನವೂ ಕೆತ್ತೆಯ ರಾಶಿಯೊಳಗೆ ಹೂತಿಟ್ಟಿದ್ದೆ. ನೀನು ಮಾಳಿಗೆಗೆ ಬಂದರೆ ಕಣ್ಣಿಗೆ ಬಿದ್ದು ನೊಂದುಕೊಳ್ಳುತ್ತೀಯೆಂದು, ಒಲೆ ಹಚ್ಚುವಾಗ ಅವನ್ನೂ ಕೆತ್ತೆಯ ಜೊತೆ ಒಳಗೆ ತಳ್ಳಿದೆ. ಅಷ್ಟು ಗಂಡಸರು ಮೂಸಿ ನಕ್ಕರಲ್ಲ, ಆಗ ನನ್ನ ಹಿಟ್ಟು ಇನ್ನೂ ಕಲಸಿಯೇ ಇರಲಿಲ್ಲ. ಸೀದದ್ದು ನೀನು ನಸುಕಿನಲ್ಲೆದ್ದು ನನಗೆಂದು ಬಡಿದ ರೊಟ್ಟಿಗಳು.