ಸೋಲುವ ನಡೆ ಇಟ್ಟ ಅಕ್ಕನಿಗೆ

ಟೈಪಿಸ್ಟ್ ಅಕ್ಕನವರೇ,

ಇಪ್ಪತ್ತೆಂಟು ವರ್ಷದ ಹಿಂದೆ ನಿಮ್ಮ ಮೇಲೆ ದೂರು ಕೊಟ್ಟ ಚದುರಂಗದ ಆಟಗಾರ ಬರೆಯುತ್ತಿದ್ದೇನೆ. ಹರಿದು ಹಾಕುವ ಮುನ್ನ ಒಂದು ಸಲ ಓದಿಬಿಡಿ.

ಕಂಪ್ಯೂಟರಿಗೂ ನನಗೂ ಎರಡೇ ಆಟದ ಪಂದ್ಯ. ಅದಕ್ಕೆ ಕೈಯಿಲ್ಲವಲ್ಲ, ನನ್ನ ನಡೆಯನ್ನು ಅದಕ್ಕೆ ಟೈಪ್ ಮಾಡಿ, ಪರದೆ ಹೇಳಿದ ನಡೆಯನ್ನು ಮಣೆಯ ಮೇಲೆ ಇಡಲು ನಿಮ್ಮನ್ನು ಕೂರಿಸಿದ್ದರು. ಮೊದಲ ಆಟದಲ್ಲಿ ಒಂದು ಕಾಲಾಳನ್ನು ಬೇಕೆಂದೇ ಬಿಟ್ಟುಕೊಟ್ಟೆ. ಆ ಕಾಲದ ಯಂತ್ರಗಳು ಹೊಟ್ಟೆಬಾಕ, ಸಿಕ್ಕಿದ್ದನ್ನೆಲ್ಲ ನುಂಗುತ್ತಿದ್ದವು. ಇದು ನುಂಗಲಿಲ್ಲ. ನೀವು ರಾಜನನ್ನು ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿಸಿದಿರಿ. ಅಲ್ಲಿಂದ ಹತ್ತೇ ನಡೆಗೆ ನಾನು ಸೋತೆ. "ಇದು ಮನುಷ್ಯರ ನಡೆ! ಈಯಮ್ಮನೇ ಆಡ್ತಿದ್ದಾರೆ!" ಎಂದು ತುಂಬಿದ ಸಭೆಯಲ್ಲಿ ಕೂಗಾಡಿದೆ. ನೀವು ಕನ್ನಡಕ ಒರೆಸುತ್ತಾ, "ನಂದು ಬರೀ ಕೈ ಸಾರ್, ತಲೆ ಅದರದ್ದು" ಅಂದಿರಿ. ಮನೆಗೆ ಬಂದರೆ ನನ್ನ ಹೆಂಡತಿ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿಮ್ಮ ಕಥೆ" ಎಂದಳು. ಅವಳ ಮೇಲೂ ರೇಗಿದೆ.

ಮರುದಿನ ಎರಡನೇ ಆಟ. ಅರ್ಧ ದಾಟಿರಬೇಕು, ಪರದೆ ನೋಡಿದ ನಿಮ್ಮ ಕೈ ಆನೆಯ ಮೇಲೆ ನಿಂತುಬಿಟ್ಟಿತು. ಆ ನಡೆ ಇಟ್ಟರೆ ಆಟ ಹೋಯಿತೆಂದು ನಿಮಗೆ ಗೊತ್ತಿತ್ತು. ನಿಮ್ಮ ಚದುರಂಗದ ಕ್ಲಬ್ಬಿನಲ್ಲಿ ನಿಮ್ಮನ್ನು ಸೋಲಿಸಿದವರೇ ಇರಲಿಲ್ಲವಂತೆ. ಪರದೆ ಕಾಣುತ್ತಿದ್ದುದು ನಿಮ್ಮೊಬ್ಬರಿಗೆ, ಆ ಯಂತ್ರ ದಾಖಲೆಯನ್ನೂ ಇಡುತ್ತಿರಲಿಲ್ಲ. ಒಂದು ಮನೆ ಆಚೆ ಇಟ್ಟಿದ್ದರೆ ಯಾವ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ನೀವು ತುಟಿ ಕಚ್ಚಿಕೊಂಡು, ಅದು ಹೇಳಿದ ಮನೆಯಲ್ಲೇ ಇಟ್ಟಿರಿ. ನಾನು ಗೆದ್ದೆ.

ನೀವು ಅಪ್ಪಟ ಚಿನ್ನವೆಂದು ನನಗೆ ಆಗಲೇ ತಿಳಿಯಿತು ಅಕ್ಕಾ. ಮೋಸ ಮಾಡುವವರು ಸೋಲುವ ನಡೆಯನ್ನು ಯಾಕೆ ಇಟ್ಟಾರು? ತಿಳಿದೂ ಸಂಜೆ, ಮೊದಲ ಆಟ ನೀವೇ ಆಡಿದಿರೆಂಬ ದೂರಿಗೆ ಸಹಿ ಹಾಕಿದೆ. ಸಮಿತಿ ಮೊದಲ ಆಟವನ್ನು ರದ್ದು ಮಾಡಿತು, ಪಂದ್ಯ ನನ್ನದಾಯಿತು. ನಿಮ್ಮನ್ನು ಆ ಕುರ್ಚಿಗೆ ಮತ್ತೆ ಯಾರೂ ಕರೆಯಲಿಲ್ಲ.

ಆಮೇಲೆ ದೊಡ್ಡ ದೊಡ್ಡ ಆಟಗಾರರ ಎದುರು ಕೂತೆ. ಕೆಲವರನ್ನು ಗೆದ್ದೆ, ಹಲವರಿಗೆ ಸೋತೆ. ನಿಮ್ಮ ಬಗ್ಗೆ ಇರುವಷ್ಟು ಗೌರವ ಅವರಲ್ಲಿ ಒಬ್ಬರ ಮೇಲೂ ಹುಟ್ಟಲಿಲ್ಲ.

ಇವತ್ತು ಸಮಿತಿಗೆ ಬರೆದುಕೊಟ್ಟು ಬಂದೆ: ದೂರು ಸುಳ್ಳು, ಸುಳ್ಳೆಂದು ನನಗೆ ಆ ದಿನವೇ ಗೊತ್ತಿತ್ತು. ಕಾರ್ಯದರ್ಶಿ ಪಾಪ ಒಳ್ಳೆಯವರು, "ಆಗ ಗೊತ್ತಿರಲಿಲ್ಲ ಅಂತ ಬರೀರಿ ಸಾರ್, ನಿಮ್ಮ ಮರ್ಯಾದೆ ಉಳಿಯುತ್ತೆ" ಎಂದು ಪೆನ್ನು ಕೊಟ್ಟರು. ನಾನು ತಿದ್ದಲಿಲ್ಲ.

ನಿಮ್ಮ ಆಯಸ್ಸು ಗಟ್ಟಿಯಾಗಿರಲಿ, ನೆಮ್ಮದಿಯಾಗಿರಿ.

ಇಂತಿ,
ಆ ಸುಳ್ಳು ದೂರಿನವನು