ಬೈಗುಳ ಕೇಳಿಸದ ಕಿವಿ

ಬೆಟಗೇರಿ, ಮಗ್ಗದ ಓಣಿ
ನಲವತ್ತೊಂದನೆಯ ನವೀಕರಣದ ಶ್ರಾವಣ
(ನಿಮ್ಮ ಲೆಕ್ಕದಲ್ಲಿ ೨೦೯೭)

ಹಿಂದಿನವರೇ,

ನಾವು ಇಸವಿ ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಫೋನಿನ ಒಡೆಯರು ಆಗಾಗ ಎಲ್ಲರ ಫೋನುಗಳನ್ನೂ ಒಂದೇ ದಿನ ಬದಲಿಸಿಬಿಡುತ್ತಾರೆ, ಅದಕ್ಕೆ ನವೀಕರಣ ಎನ್ನುತ್ತೇವೆ. ಆ ದಿನವೇ ನಮಗೆ ಹೊಸ ವರ್ಷ. ನೀವು ಯುಗಾದಿಗೆ ಬೇವು ಬೆಲ್ಲ ತಿನ್ನುತ್ತಿದ್ದಿರಂತೆ. ನಮಗೆ ಬೇವು ಮಾತ್ರ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕಷ್ಟೇ ಕ್ಷಮೆ ಕೇಳುತ್ತೇನೆ. ಧಾಟಿಗೆ ಕೇಳುವುದಿಲ್ಲ. ನಾನು ಶಾಲೆಯಲ್ಲಿ ಹೆಚ್ಚು ಓದಿದವಳಲ್ಲ. ನಮ್ಮ ಸಂಘದವರು ಕೈಯಚ್ಚಿನಲ್ಲಿ ಹಾಕುವ ಕರಪತ್ರಗಳನ್ನು ಓದಿ ಬೆಳೆದವಳು. ಅವುಗಳಲ್ಲಿ ನಿಮ್ಮ ವಿಷಯ ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಆಮೇಲೆ ಹೇಸಿಗೆ.

ನನ್ನ ಅವ್ವ ಚನ್ನವ್ವನ ಕಿವಿ ಮಗ್ಗದ ಸದ್ದಿಗೆ ಹೋಗಿದೆ. ಈ ಓಣಿಯಲ್ಲಿ ನಡುವಯಸ್ಸು ದಾಟಿದ ಎಲ್ಲರದೂ ಅದೇ ಪಾಡು. ನಿಮ್ಮ ಕಾಲದಲ್ಲಿ ಇದೇ ಓಣಿಯ ಒಬ್ಬ ನೇಕಾರರ ಮಗ ಒಂದು ತಂತ್ರಾಂಶ ಬರೆದ. ಅದಕ್ಕೆ ನಾವು ಓಣಿಗಿವಿ ಎನ್ನುತ್ತೇವೆ. ಫೋನಿನಲ್ಲಿ ಹಾಕಿ, ಕಿವಿಗೊಂದು ಗುಂಡಿ ಸಿಕ್ಕಿಸಿಕೊಂಡರೆ, ಮಗ್ಗದ ಲಟಪಟವನ್ನು ಬೇರೆ ಮಾಡಿ ನಮ್ಮ ಮಾತನ್ನು ನಮ್ಮ ಮಾತಿನಂತೆಯೇ ಒಳಗೆ ಬಿಡುತ್ತದೆ. ಅದರ ಮೂಲವನ್ನು ಆತ ಯಾರು ಬೇಕಾದರೂ ನೋಡಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಹೋದ. ಆ ಮೂಲ ಇಂದಿಗೂ ನಮ್ಮಲ್ಲಿದೆ. ಹಾಕಲು ಫೋನಿಲ್ಲ, ಅಷ್ಟೆ.

ಯಾಕಿಲ್ಲ ಎಂದರೆ, ಈಗಿನ ಫೋನುಗಳಲ್ಲಿ ಗುರುತಿನ ಮನೆ ಎಂಬ ಕಚೇರಿ ಒಪ್ಪಿದ್ದನ್ನು ಮಾತ್ರ ಹಾಕಬಹುದು. ತಂತ್ರಾಂಶ ಬರೆದವರು ಅಲ್ಲಿ ಹೋಗಿ ಮುಖ ತೋರಿಸಿ ಗುರುತು ಪಡೆಯಬೇಕು. ನಾವು ಓಣಿಗಿವಿಗಾಗಿ ಅರ್ಜಿ ಹಾಕಿದೆವು. ಬರೆದಾತ ಖುದ್ದು ಹಾಜರಾಗಲಿ ಎಂದು ಉತ್ತರ ಬಂತು. ಆತ ತೀರಿಕೊಂಡು ನನ್ನ ವಯಸ್ಸಿನ ಎರಡು ಪಟ್ಟು ಕಾಲವಾಗಿದೆ ಎಂದು ಬರೆದೆವು. ಹಾಗಾದರೆ ಆತನ ಹೊಸ ಭಾವಚಿತ್ರ ಕಳಿಸಿ ಎಂದರು.

ಈ ಗುರುತಿನ ಮನೆಗೆ ಅಡಿಗಲ್ಲು ಬಿದ್ದದ್ದು ನಿಮ್ಮ ಕಣ್ಣೆದುರಿಗೆ. ಬೇರೆ ದಾರಿ ಇರಲಿಲ್ಲ ಎಂದು ಹೇಳಬೇಡಿ, ಕರಪತ್ರ ಓದಿದ್ದೇನೆ. ತಯಾರಕರ ಒಪ್ಪಿಗೆ ಕೇಳಿ ಬೀಗ ಬಿಚ್ಚಿ, ಬೇಕಾದ ತಂತ್ರಾಂಶ ಹಾಕಿಕೊಳ್ಳಬಹುದಾದ ಫೋನುಗಳಿದ್ದವು. ಹಳೆಯ ಫೋನಿಗೆ ಹೊಸ ಜೀವ ಕೊಡುವ ವ್ಯವಸ್ಥೆಗಳನ್ನು ಜನ ಕೂಲಿಯಿಲ್ಲದೆ ದುಡಿದು ಕಟ್ಟಿದ್ದರು. ಮೂಲ ತೆರೆದಿಟ್ಟ ತಂತ್ರಾಂಶಗಳಿಗೆಂದೇ ಅಂಗಡಿಯಿತ್ತು, ಅಲ್ಲಿ ಯಾರೂ ಕಾಸು ಕೇಳುತ್ತಿರಲಿಲ್ಲ. ಕಂಪ್ಯೂಟರಿನ ಲಿನಕ್ಸನ್ನೇ ಫೋನಿಗೆ ಇಳಿಸಿದವರೂ ಇದ್ದರು. ತುಸು ನಿಧಾನ, ತುಸು ಒರಟು, ಆದರೆ ನಿಮ್ಮದು. ನೀವೇನು ಮಾಡಿದಿರಿ? ಬ್ಯಾಂಕಿನ ಆಪ್ ತೆರೆಯುವುದಿಲ್ಲ ಎಂದಿರಿ. ಹೋಟೆಲಿನಲ್ಲಿ ತೆಗೆದ ದೋಸೆಯ ಫೋಟೋ ಮಬ್ಬಾಗಿ ಬರುತ್ತದೆ ಎಂದಿರಿ. ಯಾರಿಗೆ ಬೇಕು ತಲೆನೋವು ಎಂದು ಮಗ್ಗುಲು ಬದಲಿಸಿದಿರಿ. ಬಾಗಿಲಿಗೆ ಹೊರಗಿನಿಂದ ಬೀಗ ಬೀಳುವಾಗ ಒಳಗೆ ಕೂತು ಬೀಗದ ಹೊಳಪನ್ನು ಹೊಗಳಿದ ಜನ ನೀವು.

ಬೀಗ ಬಿಚ್ಚಿದ ಒಂದೇ ಒಂದು ಫೋನು ನಮ್ಮ ಓಣಿಯಲ್ಲಿ ಉಳಿದಿತ್ತು. ಅವ್ವನ ಅಜ್ಜನದು. ಗಾಜು ಬದಲಿಸಿ, ಬ್ಯಾಟರಿ ಬದಲಿಸಿ, ದಾರದಲ್ಲಿ ಕಟ್ಟಿ ಅವ್ವ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಅದು ಉಬ್ಬಿ ಸೀಳಿಹೋಯಿತು. ಬೇರೆ ಗತಿಯಿಲ್ಲದೆ ಗುರುತಿನ ಮನೆ ಒಪ್ಪಿದ ಕಿವಿ, ಮಾನ್ಯಗಿವಿ ಎಂಬುದನ್ನು ತಂದುಕೊಟ್ಟೆವು. ಮಾನ್ಯಗಿವಿಗೆ ನಮ್ಮ ಮಾತು ಗಲೀಜು. ಕೇಳಿದ್ದನ್ನೆಲ್ಲ ತೊಳೆದು, ಇಸ್ತ್ರಿ ಮಾಡಿ, ವಾರ್ತೆ ಓದುವವರ ಕನ್ನಡದಲ್ಲಿ ಕಿವಿಗೆ ಹಾಕುತ್ತದೆ.

ಎದುರು ಮನೆಯ ಫಕೀರವ್ವ ಅವ್ವನ ಜೀವದ ಗೆಳತಿ. ಇಬ್ಬರೂ ಲಂಗ ತೊಡುವ ಕಾಲದಿಂದ ಬೈದಾಡಿಕೊಂಡೇ ಬೆಳೆದವರು. ಒಂದು ಮುಂಜಾನೆ ಫಕೀರವ್ವ ಕಟ್ಟೆಯ ಮೇಲೆ ನಿಂತು ಕೂಗಿದಳು: "ಏ ಚನ್ನಿ, ನಿನ್ನ ಹೆಣಾ ಎತ್ಲಿ! ಜರಡಿ ಒಯ್ದು ವಾರ ಆತು, ನುಂಗಿದಿ ಏನ?" ಮಾನ್ಯಗಿವಿ ಅವ್ವನಿಗೆ ಹೇಳಿದ್ದು ಇದು: "ಚನ್ನವ್ವನವರೇ, ದಯವಿಟ್ಟು ನನ್ನ ಜರಡಿಯನ್ನು ಹಿಂದಿರುಗಿಸಿರಿ." ಅವ್ವನ ಮುಖ ಸಣ್ಣದಾಯಿತು. ಜರಡಿ ಒಯ್ದು ಕಟ್ಟೆಯ ಮೇಲಿಟ್ಟು, ಒಂದು ಮಾತೂ ಆಡದೆ ಕೈಮುಗಿದು ಬಂದಳು. ಫಕೀರವ್ವ ಬೆನ್ನಹಿಂದೆಯೇ ಬಂದಳು. "ಯಾಕ ಮಳ್ಳಿ, ಬಾಯಿ ಬಿದ್ದೈತೇನ ನಿಂದು?" ಕಿವಿ ಹೇಳಿತು: "ನೀವು ಮಾತನಾಡದಿರುವ ಕಾರಣವನ್ನು ತಿಳಿಯಬಹುದೇ?"

ಅವ್ವ ಒಳಗೆ ಬಂದು ನನ್ನ ಮುಂದೆ ಕೂತಳು. "ಇಷ್ಟ ವರ್ಸದಾಗ ಆಕಿ ನನಗ 'ಚನ್ನವ್ವನವರೇ' ಅಂದಿದ್ದಿಲ್ಲ. ಸಿಟ್ಟು ಬಂದ್ರ ಬೈಬೇಕವಾ, ಹಿಂಗ ದೂರ ಇಡಬಾರದು." ಇದು ಯಂತ್ರದ ಕೆಲಸ ಎಂದು ನಾನು ಚೀರಿದೆ. ನನ್ನ ಚೀರಾಟವೂ ಅದೇ ಕಿವಿಯಿಂದ ಹೋಗಬೇಕಲ್ಲ, ಅವ್ವನಿಗೆ ಅದೂ ಬಿನ್ನಹದಂತೆ ಕೇಳಿಸಿತು. ಕೊನೆಗೆ ಎಲ್ಲವನ್ನೂ ಪಾಟಿಯ ಮೇಲೆ ಬರೆದು ತೋರಿಸಿದೆ. ನಿಧಾನವಾಗಿ ಓದಿದಳು. "ತಿಳೀತವಾ. ತಿಳಿದ್ರೇನ, ಕಿವ್ಯಾಗ ಬೀಳೂದು ಆ 'ನವರೇ'ನ ಅಲ್ಲ?" ಅಂದಿನಿಂದ ಅವ್ವ ಕಟ್ಟೆಗೆ ಹೋಗುವುದಿಲ್ಲ. ಫಕೀರವ್ವನ ಎದುರು ಅವಳಿಗೆ ನಾಚಿಕೆ, ಹೊಸ ಬೀಗರ ಎದುರು ನಿಂತಂತೆ.

ಓಣಿಗಿವಿ ಹಾಕಬಹುದಾದ ಫೋನು ಹುಡುಕುತ್ತ ನಾನು ಮುಳಗುಂದ ನಾಕಾದ ಆಚೆಯ ಗುಜರಿಗೆ ಹೋದೆ. ಅಲ್ಲಿ ನಿಮ್ಮ ಕಾಲದ ಫೋನುಗಳು ಶೇಂಗಾ ಗುಡ್ಡೆ ಹಾಕಿದಂತೆ ಬಿದ್ದಿವೆ. ಗುಜರಿಯ ರಾಜೇಸಾಬ ನಕ್ಕ. "ನೋಡವಾ, ಒಂದೊಂದ ಎತ್ತಿ ನೋಡು. ಎಲ್ಲಾ ಜೀವ ಅದಾವ, ಒಂದೂ ನಿನ್ನ ಮಾತ ಕೇಳಂಗಿಲ್ಲ." ಈ ಶ್ರಾವಣದ ಸೋಮವಾರಗಳನ್ನೆಲ್ಲ ಅಲ್ಲೇ ಕಳೆಯುತ್ತಿದ್ದೇನೆ. ಹೊಸ ಬ್ಯಾಟರಿ ಹಾಕಿದರೆ ಬೆಳಗುತ್ತವೆ. ಕೆಲವುಗಳ ಗಾಜಿನ ಮೇಲಿನ ಹಾಳೆಯನ್ನೂ ನೀವು ಕಿತ್ತಿಲ್ಲ, ಅಷ್ಟು ಜೋಪಾನ ಮಾಡಿದ್ದೀರಿ. ಬೀಗ ಬಿಚ್ಚಲು ಹೋದರೆ ತಯಾರಕರ ಒಪ್ಪಿಗೆ ಕೇಳುತ್ತವೆ. ಒಪ್ಪಿಗೆ ಕೊಡುವವರು ಬಾಗಿಲು ಮುಚ್ಚಿಕೊಂಡು ಯಾವುದೋ ಕಾಲವಾಗಿದೆ. ನೀವು ಕೇಳಿದ್ದರೆ ಕೊಡುತ್ತಿದ್ದರು. ಆ ಗುಡ್ಡೆಯಲ್ಲಿ ಕೇಳಿದವರ ಫೋನು ನನಗಿನ್ನೂ ಸಿಕ್ಕಿಲ್ಲ.

ನಿಮ್ಮಿಂದ ಕ್ರಾಂತಿ ಬಯಸುವಷ್ಟು ಹುಚ್ಚಿ ನಾನಲ್ಲ. ನಿಮ್ಮ ಕಪಾಟಿನಲ್ಲಿ, ಮದುವೆಯ ಆಹ್ವಾನ ಪತ್ರಿಕೆಗಳ ಕೆಳಗೆ, ಒಂದು ಹಳೆಯ ಫೋನಿದೆ. ಹೊಸದು ಕೊಂಡಾಗ ಇಟ್ಟು ಮರೆತದ್ದು. ಅದನ್ನು ಹೊರಗೆ ತೆಗೆಯಿರಿ. ಒಪ್ಪಿಗೆ ಕೊಡುವವರು ಇನ್ನೂ ಇರುವಾಗಲೇ ಕೇಳಿ ಬೀಗ ಬಿಚ್ಚಿರಿ. ಒಂದು ಸಂಜೆಯ ಕೆಲಸ. ಬೇರೇನೂ ಹಾಕಬೇಡಿ, ಕಲಿಯಬೇಡಿ, ಬದಲಾಗಬೇಡಿ. ಬಟ್ಟೆಯಲ್ಲಿ ಸುತ್ತಿ ಮತ್ತೆ ಅಲ್ಲೇ ಎಸೆಯಿರಿ. ಎಸೆಯುವುದು ನಿಮಗೆ ಚೆನ್ನಾಗಿ ಬರುತ್ತದೆ. ಅದು ಗುಜರಿಗೆ ಬಂದೇ ಬರುತ್ತದೆ. ಮುಂದಿನ ಸೋಮವಾರ ನಾನು ಅಲ್ಲಿರುತ್ತೇನೆ.

ಬರೆಯುತ್ತಿರುವಾಗಲೇ ಫಕೀರವ್ವ ಕಟ್ಟೆಗೆ ಬಂದಿದ್ದಾಳೆ. ಈಗ ಅವಳ ದನಿಯೂ ಬಿದ್ದಿದೆ, ಆದರೂ ದಿನಾ ಬರುತ್ತಾಳೆ. "ಏ ಚನ್ನಿ, ಸತ್ತೀಯೋ ಇದ್ದೀಯೋ?" ಅವ್ವ ಒಳಗಿನಿಂದಲೇ ಕೈಮುಗಿದಳು.

ಬೇಗ ಮಾಡಿ. ನನ್ನ ಅವ್ವ ಇನ್ನೊಮ್ಮೆ ಬೈಸಿಕೊಳ್ಳಬೇಕು.

ನೀಲಾಂಬಿಕೆ ಹೊಂಬಳ